ತೇಪೆ ಮತ್ತು ಪೂರ್ಣತೆ: ತುಮಕೂರು ಸೀಮೆಯ ಸಭಾಚರಿತ್ರೆಯಲ್ಲಿ ಸೂಜಿಯ ಕೆಲಸ

ಕರ್ನಾಟಕದ ಸಭಾಚರಿತ್ರೆಯನ್ನು ಓದಿದವರಿಗೆ ತುಮಕೂರು, ಗುಬ್ಬಿ, ಕುಣಿಗಲ್ ಎಂಬ ಹೆಸರುಗಳು ಅಪರಿಚಿತವಲ್ಲ. 1837ರಲ್ಲಿ ವೆಸ್ಲಿಯನ್ ಮಿಷನರಿ ತಾಮಸ್ ಹಾಡ್ಸನ್ ಅವರು ಗುಬ್ಬಿಯಲ್ಲಿ ನೆಲೆಸಿದಂದಿನಿಂದ ಈ ಸೀಮೆ ಮೈಸೂರು ದೇಶದ ಕನ್ನಡ ಸುವಾರ್ತಾಸೇವೆಯ ತವರಾಯಿತು. ಮುಂದೆ ಕನ್ನಡದಲ್ಲಿ ಸಭಾಪಾಲಕರನ್ನು ತರಬೇತುಗೊಳಿಸುವ ಯೂನಿಯನ್ ಕನ್ನಡ ಸೆಮಿನರಿಯೂ ತುಮಕೂರಿನಲ್ಲಿಯೇ ನಡೆದು, 1965ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೊಂದಿಗೆ ಕೂಡಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಯಿತು. ಈ ಚರಿತ್ರೆಯನ್ನು ಬರೆದವರು ಪೀಠ, ಪಾಠಶಾಲೆ, ಅಚ್ಚುಕೂಟ, ಆಸ್ಪತ್ರೆಗಳ ಮೂಲಕ ಬರೆದಿದ್ದಾರೆ. ಅದು ಸಹಜವೇ, ಇವೆಲ್ಲವುಗಳಿಗೆ ಕಟ್ಟಡವಿದೆ, ಕಡತವಿದೆ, ವರ್ಷವಿದೆ.

ಆದರೆ ಸಭೆಯ ಬಡ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಒಂದು ಕೆಲಸಕ್ಕೆ ಕಟ್ಟಡವೂ ಇಲ್ಲ, ಕಡತವೂ ಇಲ್ಲ. ಹಳೆಯ ಬಟ್ಟೆಯನ್ನು ಬಿಚ್ಚಿ, ಅಳೆದು, ಕತ್ತರಿಸಿ, ಕೈಸೂಜಿಯಿಂದ ಮತ್ತೆ ಹೊಲಿದು ಇನ್ನೊಂದು ಮೈಗೆ ಹೊಂದಿಸುವ ಕೆಲಸವದು. ಈ ಲೇಖನ ಆ ಕೆಲಸವನ್ನು ಸಭಾಚರಿತ್ರೆಯೊಳಗೆ ಇಟ್ಟು ನೋಡಲು ಯತ್ನಿಸುತ್ತದೆ. ಕಾರಣ ಕೇವಲ ಕುತೂಹಲವಲ್ಲ. ಹೊಸದು ಹಳೆಯದರೊಂದಿಗೆ ಹೇಗೆ ಕೂಡಬೇಕೆಂಬ ಪ್ರಶ್ನೆಗೆ ನಮ್ಮ ಕರ್ತನು ಆರಿಸಿಕೊಂಡ ಹೋಲಿಕೆಗಳಲ್ಲಿ ಒಂದು ಹರಕು ಬಟ್ಟೆಗೆ ತೇಪೆ ಹಾಕುವುದು. ತೇಪೆ ಹಾಕುವವರ ಅನುಭವವನ್ನು ಕೇಳದೆ ಆ ವಾಕ್ಯವನ್ನು ಬೋಧಿಸಿದರೆ ಅದರ ಅರ್ಧ ಅರ್ಥ ನಮ್ಮ ಕೈತಪ್ಪುತ್ತದೆ.

ಹೊಲಿಯದ ಬಟ್ಟೆಯ ನಾಡು

ಮಿಷನರಿಗಳು ಬಂದ ಕಾಲದ ಮೈಸೂರು ಸೀಮೆಯಲ್ಲಿ ಸಾಮಾನ್ಯರ ಉಡುಪಿನ ಬಹುಭಾಗ ಹೊಲಿಗೆ ಕಾಣದ ಬಟ್ಟೆಯೇ ಆಗಿತ್ತು. ಹೆಂಗಸಿಗೆ ಸೀರೆ, ಗಂಡಸಿಗೆ ಪಂಚೆ ಮತ್ತು ವಲ್ಲಿ, ತಲೆಗೆ ರುಮಾಲು, ಚಳಿ ಮಳೆಗಳಿಗೆ ಕುರುಬರು ನೇಯ್ದ ಕಂಬಳಿ. ಮಗ್ಗದಿಂದ ಇಳಿದ ಬಟ್ಟೆ ಹಾಗೆಯೇ ಮೈಗೆ ಸುತ್ತಿಕೊಳ್ಳುತ್ತಿತ್ತು. ಕುಪ್ಪಸ, ಅಂಗಿ, ಕುಲಾವಿ, ಚೀಲ ಮುಂತಾದವನ್ನು ಹೊಲಿಯಲು ದರ್ಜಿ, ಚಿಪ್ಪಿಗ, ಸಿಂಪಿ, ನಾಮದೇವ ಎಂಬ ಹೆಸರಿನ ಕಸುಬುದಾರ ಸಮುದಾಯಗಳಿದ್ದವು. ಹೊಲಿಗೆಯ ಕಾಯಕಕ್ಕೆ ಈ ನೆಲದಲ್ಲಿ ಗೌರವದ ನೆನಪೂ ಉಂಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರೊಬ್ಬರಿದ್ದರು. ಅವರ ಕಸುಬೇ ಅವರ ಹೆಸರಾಗಿ ಉಳಿಯಿತು. ಕುಣಿಗಲ್ ತಾಲ್ಲೂಕಿನ ಎಡೆಯೂರಿನ ಸಿದ್ಧಲಿಂಗೇಶ್ವರರ ಕ್ಷೇತ್ರ, ಗುಬ್ಬಿಯ ಚನ್ನಬಸವೇಶ್ವರರ ಕ್ಷೇತ್ರಗಳಿಂದಾಗಿ ಕಾಯಕವೇ ಭಕ್ತಿಯೆಂಬ ಮಾತು ಈ ಸೀಮೆಯ ಜನರ ಕಿವಿಗೆ ಹೊಸದಾಗಿರಲಿಲ್ಲ.

ದರ್ಜಿಯ ಕೆಲಸ ಹೊಸ ಬಟ್ಟೆಯದು, ಕೂಲಿಯದು, ಗಂಡಸಿನದು. ಹಳೆಯ ಬಟ್ಟೆಯ ಕೆಲಸ ಬೇರೆ. ಅದು ಮನೆಯೊಳಗಿನದು, ಕೂಲಿಯಿಲ್ಲದ್ದು, ಹೆಚ್ಚಾಗಿ ಹೆಂಗಸರದು. ಸವೆದ ಸೀರೆಯ ಗಟ್ಟಿ ಭಾಗವನ್ನು ಉಳಿಸಿಕೊಳ್ಳುವುದು, ಎರಡು ಹಳೆಯ ತುಂಡುಗಳನ್ನು ಅಂಚಿಗೆ ಅಂಚು ಸೇರಿಸುವುದು, ಹರಿದ ಪಂಚೆಯಿಂದ ಕೂಸಿಗೆ ಬಟ್ಟೆ ಮಾಡುವುದು, ಉಳಿದ ಚಿಂದಿಯನ್ನು ಪದರ ಪದರವಾಗಿ ಹಾಸಿ ಹೊದಿಕೆ ಹೊಲಿಯುವುದು: ಇವು ಯಾವ ಕುಲಕಸುಬಿನ ಪಟ್ಟಿಗೂ ಸೇರಲಿಲ್ಲ. ಆದ್ದರಿಂದಲೇ ಜನಗಣತಿಯಲ್ಲಿ ದರ್ಜಿ ಸಿಗುತ್ತಾನೆ, ಬಟ್ಟೆಗೆ ತೇಪೆ ಹಾಕಿದ ತಾಯಿ ಸಿಗುವುದಿಲ್ಲ.

ಗುಬ್ಬಿಯಲ್ಲಿ ಉಡುಪಿನ ಪ್ರಶ್ನೆ

ಬೆಂಗಳೂರಿನ ದಂಡುಪ್ರದೇಶದಲ್ಲಿ ಮಿಷನ್ ಕೆಲಸವು ಬಹುಮಟ್ಟಿಗೆ ಇಂಗ್ಲಿಷ್ ಮತ್ತು ತಮಿಳಿನಲ್ಲಿ ನಡೆಯುತ್ತಿದ್ದಾಗ, ಕನ್ನಡದ ಹಳ್ಳಿಗಳ ನಡುವೆ ಇರಬೇಕೆಂಬ ನಿರ್ಧಾರದಿಂದ ಹಾಡ್ಸನ್ ಅವರು ಅಡಕೆ ವ್ಯಾಪಾರಕ್ಕೆ ಹೆಸರಾದ ಗುಬ್ಬಿ ಪೇಟೆಯನ್ನು ಆರಿಸಿಕೊಂಡರು. ಕೆಲವು ವರ್ಷಗಳಲ್ಲಿ ವಿಲಿಯಂ ಆರ್ಥರ್ ಎಂಬ ಯುವಕರೂ ಅಲ್ಲಿಗೆ ಬಂದರು. ಕಣ್ಣಿನ ತೊಂದರೆಯಿಂದ ಆರ್ಥರ್ ಬೇಗನೆ ಹಿಂದಿರುಗಬೇಕಾಯಿತಾದರೂ 1847ರಲ್ಲಿ ಪ್ರಕಟವಾದ ಅವರ ಮೈಸೂರು ಮಿಷನ್ ಕುರಿತ ಗ್ರಂಥ ಗುಬ್ಬಿಯ ಹೆಸರನ್ನು ಇಂಗ್ಲೆಂಡಿನ ಸಭೆಗಳಿಗೆ ಮುಟ್ಟಿಸಿತು. ಹಾಡ್ಸನ್ ಅವರು ಮುಂದೆ 1877ರಲ್ಲಿ ಗುಬ್ಬಿ ಸುತ್ತಿನ ಒಬ್ಬ ಗ್ರಾಮಸ್ಥನ ಜೀವನಕಥೆಯನ್ನು ಬರೆದರು. ಆ ಗ್ರಾಮಸ್ಥನು ಓದುಗರ ಮುಂದೆ ಬರುವುದು ದೀಕ್ಷಾಸ್ನಾನದಲ್ಲಿ ದೊರೆತ ದಾನಿಯೇಲ ಎಂಬ ಹೆಸರಿನಿಂದಲೇ.

ಹೊಸ ಹೆಸರು ಸುಲಭವಾಗಿ ಬಂದಿತು. ಹೊಸ ಬಟ್ಟೆ ಅಷ್ಟು ಸುಲಭವಾಗಿ ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ. ಕ್ರೈಸ್ತರಾದ ಮೇಲೂ ಈ ಸೀಮೆಯವರು ಸೀರೆಯನ್ನೂ ಪಂಚೆಯನ್ನೂ ಬಿಡಲಿಲ್ಲ. ಇದನ್ನು ತಿರುವಾಂಕೂರಿನ ದಕ್ಷಿಣ ಭಾಗದ ಚರಿತ್ರೆಯೊಂದಿಗೆ ಹೋಲಿಸಿ ನೋಡಬೇಕು. ಅಲ್ಲಿ ಲಂಡನ್ ಮಿಷನ್ನಿನ ಸಭೆಗಳಿಗೆ ಸೇರಿದ ನಾಡಾರ್ ಹೆಂಗಸರು ಮೇಲುಡುಪು ತೊಟ್ಟದ್ದಕ್ಕಾಗಿ 1820ರ ದಶಕದಿಂದ ಹೊಡೆತ ತಿಂದರು, ಅವರ ರವಿಕೆಗಳನ್ನು ಸಂತೆಯಲ್ಲಿ ಹರಿದರು. 1859ರಲ್ಲಿ ಅರಸನ ಘೋಷಣೆ ಬರುವವರೆಗೆ ಆ ಹೋರಾಟ ನಡೆಯಿತು. ಅಲ್ಲಿ ಹೊಲಿದ ಬಟ್ಟೆ ಮಾನದ ಹಕ್ಕಾಗಿ ಪರಿಣಮಿಸಿತು. ಒಂದೇ ಸೂಜಿ ಒಂದು ಕಡೆ ಬಿಡುಗಡೆಯ ಆಯುಧವಾದರೆ ಇನ್ನೊಂದು ಕಡೆ ಕೇವಲ ಸಭ್ಯತೆಯ ಪಾಠವಾಗಬಹುದೆಂಬುದನ್ನು ಈ ಹೋಲಿಕೆ ತೋರಿಸುತ್ತದೆ. ಸೂಜಿಯ ಬೆಲೆ ಅದು ಯಾರ ಮೈಯನ್ನು ಮುಚ್ಚುತ್ತದೆ, ಯಾರ ಕೈಯಲ್ಲಿರುತ್ತದೆ ಎಂಬುದರ ಮೇಲೆ ನಿಂತಿದೆ.

ವೆಸ್ಲಿಯನ್ನರಿಗೆ ಉಡುಪು ದೇವಭಕ್ತಿಯ ವಿಷಯವೇ ಆಗಿತ್ತು. ಜಾನ್ ವೆಸ್ಲಿಯವರು 1780ರ ದಶಕದಲ್ಲಿ ಉಡುಪನ್ನು ಕುರಿತು ಒಂದು ಪ್ರಸಂಗವನ್ನೇ ಬರೆದರು. ಬೆಲೆಬಾಳುವ ಬಟ್ಟೆಗೆ ಖರ್ಚುಮಾಡಿದ ಹಣ ಬಟ್ಟೆಯಿಲ್ಲದವನಿಂದ ಕಸಿದ ಹಣವೆಂಬುದು ಅದರ ತಿರುಳು. ಈ ಬೋಧನೆಯನ್ನು ಹೊತ್ತು ಗುಬ್ಬಿಗೆ ಬಂದವರು ಇಲ್ಲಿ ಕಂಡದ್ದು ಬೆಲೆಬಾಳುವ ಉಡುಪಿನ ಗರ್ವವನ್ನಲ್ಲ. ಒಂದೇ ಸೀರೆಯನ್ನು ಒಗೆದು, ಒಣಗಿಸಿ, ಮತ್ತೆ ಉಡುವ ಬಡತನವನ್ನು ಅವರು ಕಂಡರು. ಸರಳತೆಯನ್ನು ಬೋಧಿಸಬೇಕಾದ ಅಗತ್ಯವೇ ಇಲ್ಲದ ಜನರ ನಡುವೆ ಸರಳತೆಯ ಬೋಧನೆ ಬಂದು ನಿಂತಿತು.

ಹೊಲಿಗೆಯ ತರಗತಿ

ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತದ ಮಿಷನ್ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು, ಬರಹ, ಲೆಕ್ಕಗಳ ಜೊತೆಗೆ ಹೊಲಿಗೆ ಒಂದು ಪಾಠವಾಗಿ ಬಂದಿತು. ಅದನ್ನು ಕಲಿಸಿದವರು ಬಹುಮಟ್ಟಿಗೆ ಮಿಷನರಿಗಳ ಹೆಂಡತಿಯರು; ಸಂಬಳದ ಪಟ್ಟಿಯಲ್ಲಾಗಲಿ ವರದಿಗಳ ಮೊದಲ ಪುಟದಲ್ಲಾಗಲಿ ಅವರ ಹೆಸರೂ ಕಾಣುವುದು ಅಪರೂಪ. ನಾಗರಕೋಯಿಲಿನಲ್ಲಿ ಮಾರ್ಥಾ ಮಾಲ್ಟ್ ಅವರು 1820ರ ದಶಕದಲ್ಲಿ ಆರಂಭಿಸಿದ ಲೇಸ್ ಹೆಣಿಗೆ ಒಂದು ದೊಡ್ಡ ಉದ್ಯಮವಾಗಿ ಬೆಳೆಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1850ರ ದಶಕದಲ್ಲಿ ನೇಯ್ಗೆಯ ಕಾರ್ಖಾನೆಯನ್ನು ನಡೆಸಿತು. ಖಾಕಿ ಬಣ್ಣದ ಬಟ್ಟೆಯೊಂದಿಗೆ ಜಾನ್ ಹಾಲರ್ ಅವರ ಹೆಸರು ಇಂದಿಗೂ ಕೂಡಿಬರುತ್ತದೆ. ಇಂಗ್ಲೆಂಡಿನ ಸಭೆಗಳ ಹೆಂಗಸರು ಕೂಡಿ ಕುಳಿತು ಹೊಲಿದ ವಸ್ತುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಹಡಗು ಹತ್ತಿ ಭಾರತದ ಮಿಷನ್ ಶಾಲೆಗಳಿಗೆ ಬಹುಮಾನಗಳಾಗಿ ಬರುತ್ತಿದ್ದವು. ಅಂತಹ ಸಂಘಗಳು ಅನೇಕ ಕಡೆ ದೊರ್ಕಳ ಹೆಸರನ್ನೇ ಇಟ್ಟುಕೊಂಡಿದ್ದವು.

ಈ ಪಾಠದ ಒಳ್ಳೆಯ ಫಲವನ್ನು ಅಲ್ಲಗಳೆಯಲಾಗದು. ಹೊಲಿಗೆ ಎಂಬ ಒಂದು ಪಾಠ ಇದ್ದುದರಿಂದಲೇ ಮಗಳನ್ನು ಶಾಲೆಗೆ ಕಳುಹಿಸಿದ ತಂದೆತಾಯಿಗಳಿದ್ದರು. ಸೂಜಿಯ ನೆಪದಲ್ಲಿ ಅಕ್ಷರ ಬಂದಿತು. ವಿಧವೆಯಾದವಳಿಗೆ, ಗಂಡ ಬಿಟ್ಟವಳಿಗೆ ಕೈಯಲ್ಲೊಂದು ದುಡಿಮೆ ಸಿಕ್ಕಿತು. ಆದರೆ ತರಗತಿಯಲ್ಲಿ ಬೆಲೆ ಪಡೆದದ್ದು ಹೊಸ ಬಟ್ಟೆಯ ಮೇಲಿನ ನಯವಾದ ಹೊಲಿಗೆ, ಕಸೂತಿ, ಲೇಸ್. ಹುಡುಗಿಯ ತಾಯಿ ಮನೆಯಲ್ಲಿ ಮಾಡುತ್ತಿದ್ದ ತೇಪೆಯ ಕೆಲಸ ಬಡತನದ ಗುರುತಾಗಿಯೇ ಉಳಿಯಿತು. ಶಾಲೆಯಲ್ಲಿ ಸೂಜಿ ಹಿಡಿಯಲು ಕಲಿತ ಮಗಳಿಗೆ ತನ್ನ ಅಮ್ಮನೂ ಸೂಜಿ ಹಿಡಿಯಬಲ್ಲವಳೆಂದು ಯಾರೂ ಹೇಳಿಕೊಡಲಿಲ್ಲ. ಮಿಷನ್ ಶಿಕ್ಷಣ ಹಳ್ಳಿಯ ತಿಳಿವಳಿಕೆಯೊಂದಿಗೆ ನಡೆದುಕೊಂಡ ರೀತಿಗೆ ಇದು ಒಂದು ಚಿಕ್ಕ ನಿದರ್ಶನ.

ಧಾತು ಈಶ್ವರ ಸಂವತ್ಸರಗಳು

1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ದೇಶವನ್ನು ಮುರಿದ ಮಹಾಕ್ಷಾಮವು ಬಟ್ಟೆಯ ಪ್ರಶ್ನೆಯನ್ನು ಬೇರೊಂದು ಎಡೆಗೆ ತಂದು ನಿಲ್ಲಿಸಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಮಳೆ ಆಧಾರಿತ ಬೇಸಾಯದ ಪೂರ್ವ ಜಿಲ್ಲೆಗಳಲ್ಲಿ, ತುಮಕೂರನ್ನೂ ಒಳಗೊಂಡು, ಹೊಡೆತ ಕಠಿಣವಾಗಿತ್ತು. ಕ್ಷಾಮದಲ್ಲಿ ಮನೆಯಿಂದ ಮೊದಲು ಹೋಗುವುದು ಪಾತ್ರೆ, ಒಡವೆ, ದನ; ಅನಂತರ ಬಟ್ಟೆ. ಹೊಸ ಬಟ್ಟೆಯನ್ನು ಮಾರಬಹುದು, ಹಳೆಯ ಬಟ್ಟೆಯನ್ನು ಯಾರೂ ಕೊಳ್ಳುವುದಿಲ್ಲ. ಕಡೆಯವರೆಗೂ ಮೈಮೇಲೆ ಉಳಿಯುವುದು ತೇಪೆಯ ಬಟ್ಟೆಯೇ. ಇಂಗ್ಲೆಂಡಿನಿಂದ ಬಂದ ಪರಿಹಾರನಿಧಿಯ ಹಣ ಬೀಜ, ಎತ್ತುಗಳ ಜೊತೆಗೆ ಉಡುಬಟ್ಟೆಗೂ ಖರ್ಚಾದದ್ದು ಈ ಕಾರಣದಿಂದಲೇ.

ಕ್ಷಾಮದ ಬಳಿಕ ವೆಸ್ಲಿಯನ್ ಮಿಷನ್ನಿನವರು ಗಂಡುಮಕ್ಕಳಿಗಾಗಿ ತುಮಕೂರಿನಲ್ಲಿಯೂ ಹೆಣ್ಣುಮಕ್ಕಳಿಗಾಗಿ ಹಾಸನದಲ್ಲಿಯೂ ಅನಾಥಾಲಯಗಳನ್ನು ನಡೆಸಿದರು. ಗಂಡುಮಕ್ಕಳಿಗೆ ಕೈಕಸುಬನ್ನು ಕಲಿಸಿದರು. ಈ ಎರಡು ಆಲಯಗಳಿಂದ ಹೊರಬಂದ ಮಕ್ಕಳು ಮೈಸೂರು ಸೀಮೆಯ ಅನೇಕ ಕ್ರೈಸ್ತ ಕುಟುಂಬಗಳ ಪೂರ್ವಿಕರು. ಮಕ್ಕಳ ಆಲಯವೊಂದರ ದಿನಚರಿಯನ್ನು ಬಲ್ಲ ಯಾರಿಗಾದರೂ ಅಲ್ಲಿ ಸೂಜಿಗೆ ಬಿಡುವಿರುವುದಿಲ್ಲವೆಂಬುದು ತಿಳಿದ ಸಂಗತಿ: ಬೆಳೆಯುವ ಮೈ ನಿಲ್ಲುವುದಿಲ್ಲ, ಬಟ್ಟೆಯ ಲೆಕ್ಕ ಬೆಳೆಯುವುದಿಲ್ಲ. ದೊಡ್ಡವನಿಗೆ ಬಿಗಿಯಾದದ್ದು ಚಿಕ್ಕವನಿಗೆ ಇಳಿಯಬೇಕು, ಮೊಣಕೈಯಲ್ಲಿ ಹರಿದದ್ದು ಗಿಡ್ಡ ತೋಳಿನ ಅಂಗಿಯಾಗಬೇಕು. ನಮ್ಮ ಸಭೆಗಳ ಒಂದು ತಲೆಮಾರು ಹೀಗೆ ಇಳಿದುಬಂದ ಬಟ್ಟೆಯನ್ನು ಉಟ್ಟೇ ವಿಶ್ವಾಸಪ್ರಮಾಣವನ್ನು ಹೇಳಲು ಕಲಿಯಿತು.

ಮನೆಯ ಸೂಜಿ

ಹೊಲಿಗೆ ಯಂತ್ರ ಈ ದೇಶಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದಿತು. ಮೊದಲು ಸಿಂಗರ್, 1930ರ ದಶಕದ ಬಳಿಕ ಕಲ್ಕತ್ತೆಯಲ್ಲಿ ತಯಾರಾದ ಉಷಾ. ಆದರೆ ಬಹುಕಾಲ ಯಂತ್ರ ದರ್ಜಿಯ ಅಂಗಡಿಯ ಸೊತ್ತಾಗಿತ್ತು. ಮನೆಯ ಕೆಲಸ ಕೈಸೂಜಿಯದೇ. ಆ ಕೆಲಸದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸುವಾರ್ತೆಯ ಮಾತಿಗೆ ಅದು ಬೇಕಾಗುತ್ತದೆ.

ಹಳೆಯ ಬಟ್ಟೆಯನ್ನು ಮಾರ್ಪಡಿಸುವವಳು ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಎಲ್ಲಿ ಎಳೆ ತೆಳುವಾಗಿದೆ, ಎಲ್ಲಿ ಇನ್ನೂ ಬಲವಿದೆ ಎಂಬುದು ಆಗ ಗೊತ್ತಾಗುತ್ತದೆ. ಹಳೆಯ ಹೊಲಿಗೆಯನ್ನು ಎಳೆಯದೆ, ಒಂದೊಂದಾಗಿ ಕತ್ತರಿಸಿ ಬಿಚ್ಚುತ್ತಾಳೆ. ಎಳೆದರೆ ಬಟ್ಟೆಯೇ ಹರಿಯುತ್ತದೆ. ಬಿಚ್ಚಿದ ದಾರವನ್ನೂ ಎಸೆಯುವುದಿಲ್ಲ. ಹರಿದ ಜಾಗ ಚಿಕ್ಕದಾದರೆ ರಫು ಹಾಕುತ್ತಾಳೆ: ಅಡ್ಡ ಎಳೆ, ಉದ್ದ ಎಳೆಗಳನ್ನು ಸೂಜಿಯಿಂದಲೇ ನೇಯುತ್ತಾಳೆ. ದೊಡ್ಡದಾದರೆ ತೇಪೆ. ತೇಪೆಗೆ ಹೊಸ ಬಟ್ಟೆಯನ್ನು ತರುವುದಿಲ್ಲ. ಅಷ್ಟೇ ಒಗೆತ ಕಂಡ, ಅಷ್ಟೇ ಮೆತ್ತಗಾದ ತುಂಡನ್ನು ಹುಡುಕುತ್ತಾಳೆ. ಹೊಸದನ್ನೇ ಬಳಸಬೇಕಾದರೆ ನೀರಿನಲ್ಲಿ ನೆನೆಸಿ, ಒಣಗಿಸಿ, ಅದು ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಕತ್ತರಿ ಹಾಕುತ್ತಾಳೆ. ತೇಪೆ ಹರಿದ ಅಂಚಿನವರೆಗೆ ಮಾತ್ರ ಇದ್ದರೆ ಸಾಲದು. ಗಟ್ಟಿ ಬಟ್ಟೆಯ ಮೇಲೆ ಕಾಲೂರುವಷ್ಟು ಅಗಲವಿರಬೇಕು.

ಮಗಳ ಲಂಗ ಹೊಲಿಯುವಾಗ ಕೆಳ ಅಂಚಿನಲ್ಲಿ ಎರಡು ಮೂರು ಮಡಿಕೆಗಳನ್ನು ಇಟ್ಟು ಹೊಲಿಯುವುದು ನಮ್ಮ ಮನೆಗಳ ಹಳೆಯ ವಾಡಿಕೆ. ಮಗು ಬೆಳೆದಂತೆ ಒಂದೊಂದೇ ಮಡಿಕೆಯನ್ನು ಬಿಚ್ಚಿದರೆ ಅದೇ ಲಂಗ ನಾಲ್ಕು ವರ್ಷ ಬರುತ್ತದೆ. ರವಿಕೆಯ ಒಳಗೆ ಹೊಲಿಗೆಯ ಆಚೆ ಒಂದಂಗುಲ ಬಟ್ಟೆ ಬಿಡುವುದೂ ಇದೇ ಲೆಕ್ಕದಿಂದ. ತಾಯಿಯ ಸೀರೆ ಮಗಳ ಲಂಗವಾಗಿ, ಲಂಗ ತಮ್ಮನ ಅಂಗಿಯಾಗಿ, ಅಂಗಿ ಕೈಬಟ್ಟೆಯಾಗಿ, ಕಡೆಗೆ ಒಲೆಯ ಮುಂದಿನ ಮಸಿಬಟ್ಟೆಯಾಗುವವರೆಗೆ ಅದರ ಯಾತ್ರೆ ಮುಗಿಯುವುದಿಲ್ಲ. ಕೆಲವು ಕ್ರೈಸ್ತ ಮನೆಗಳಲ್ಲಿ ತಾಯಿಯ ಮದುವೆಯ ಬಿಳಿ ಸೀರೆಯ ತುಂಡಿನಿಂದ ಮಗುವಿನ ದೀಕ್ಷಾಸ್ನಾನದ ಅಂಗಿಯನ್ನು ಹೊಲಿಯುತ್ತಾರೆ. ಒಂದು ಒಡಂಬಡಿಕೆಯ ಬಟ್ಟೆ ಇನ್ನೊಂದು ಒಡಂಬಡಿಕೆಯ ಬಟ್ಟೆಯಾಗುತ್ತದೆ.

ಉತ್ತರ ಕರ್ನಾಟಕದ ಕೌದಿ ಇದೇ ಕಲೆಯ ಹಿರಿಯ ರೂಪ. ಅದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿ. ಆಫ್ರಿಕದ ಮೂಲದ ಈ ಜನರಲ್ಲಿ ಹಿಂದೂಗಳು, ಮುಸಲ್ಮಾನರು, ಕಥೋಲಿಕ ಕ್ರೈಸ್ತರು ಮೂವರೂ ಇದ್ದಾರೆ. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಬಣ್ಣಬಣ್ಣದ ಚಿಂದಿಗಳನ್ನು ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಸುತ್ತ ಜೋಡಿಸುತ್ತ, ಒಳಮುಖವಾಗಿ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ಕ್ರೈಸ್ತ ಹೆಂಗಸರು ಹೊಲಿದ ಕೆಲವು ಕವಂದಿಗಳ ನಡುವೆ ಶಿಲುಬೆಯ ಆಕಾರ ಕಾಣುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಚಿ ಹೊಲಿದ ಪುಟ್ಟ ಮುಕ್ಕೋನಗಳನ್ನು ಇಡುತ್ತಾರೆ; ಅದಕ್ಕೆ ಹೂವು ಎಂಬರ್ಥದ ಹೆಸರು. ಹೂವಿಲ್ಲದ ಕವಂದಿ ಬೆತ್ತಲೆಯೆಂಬುದು ಅವರ ಭಾವನೆ. ಚಿಂದಿಯಿಂದಲೇ ಆದ ಹೊದಿಕೆಗೂ ಮಾನ ಬೇಕು, ಅಲಂಕಾರ ಬೇಕು ಎಂಬ ಈ ನಿಲುವು ದೇವಶಾಸ್ತ್ರದ ವಿದ್ಯಾರ್ಥಿ ಗಮನಿಸಬೇಕಾದದ್ದು.

ಸುವಾರ್ತೆಯ ತೇಪೆ

ಈಗ ಮಾರ್ಕ 2:21ಕ್ಕೆ ಬರೋಣ. ಹಳೆಯ ವಸ್ತ್ರಕ್ಕೆ ಹೊಸ ಬಟ್ಟೆಯ ತೇಪೆಯನ್ನು ಯಾರೂ ಹಚ್ಚುವುದಿಲ್ಲ. ಹಚ್ಚಿದರೆ ಹರಕು ಇನ್ನೂ ದೊಡ್ಡದಾಗುತ್ತದೆ. ಈ ವಾಕ್ಯವನ್ನು ಹಳೆಯದರ ತಿರಸ್ಕಾರವಾಗಿ ಬೋಧಿಸುವುದು ನಮ್ಮಲ್ಲಿ ರೂಢಿ. ಹಳೆಯ ಧರ್ಮ, ಹಳೆಯ ಸಂಸ್ಕೃತಿ, ಹಳೆಯ ಮನುಷ್ಯ ಎಲ್ಲವನ್ನೂ ಬಿಸಾಡಿ ಹೊಸದನ್ನು ತೊಟ್ಟುಕೊಳ್ಳಬೇಕೆಂಬುದಕ್ಕೆ ಇದನ್ನು ಆಧಾರವಾಗಿ ಎತ್ತುತ್ತೇವೆ. ಮೂಲದ ಶಬ್ದಗಳು ಅಷ್ಟು ಸುಲಭವಾಗಿ ಆ ಅರ್ಥಕ್ಕೆ ಒಲಿಯುವುದಿಲ್ಲ.

ಮೊದಲನೆಯದಾಗಿ, ಮಾರ್ಕನು ಬಳಸುವ ಕ್ರಿಯಾಪದ ಹೊಲಿಯುವುದು ಎಂಬುದೇ. ಮತ್ತಾಯನೂ ಲೂಕನೂ ಇಡುವುದು, ಹಾಕುವುದು ಎಂಬರ್ಥದ ಸಾಮಾನ್ಯ ಶಬ್ದಕ್ಕೆ ಬದಲಾಯಿಸುತ್ತಾರೆ. ಸೂಜಿಯ ನೆನಪು ಮಾರ್ಕನಲ್ಲಿ ಮಾತ್ರ ಉಳಿದಿದೆ. ಎರಡನೆಯದಾಗಿ, ಮಾರ್ಕ ಮತ್ತು ಮತ್ತಾಯರು ತೇಪೆಯ ಬಟ್ಟೆಗೆ ಕೊಡುವ ವಿಶೇಷಣ ‘ಅಗ್ನಾಫೊಸ್’. ಅಗಸನ ಕೈಯಲ್ಲಿ ತುಳಿಸಿಕೊಳ್ಳದ, ನೀರು ಕಂಡು ಕುಗ್ಗದ ಬಟ್ಟೆ ಎಂದು ಅದರ ಅರ್ಥ. ಹೊಸತನವೇ ದೋಷವೆಂದು ಅಲ್ಲಿ ಹೇಳಿಲ್ಲ. ಇನ್ನೂ ನೆನೆಯದಿರುವುದು ದೋಷ. ತುಮಕೂರಿನ ಯಾವ ಅಜ್ಜಿಗೂ ಈ ಮಾತಿಗೆ ವ್ಯಾಖ್ಯಾನ ಬೇಕಾಗದು. ಮೂರನೆಯದಾಗಿ, ತೇಪೆಗೆ ಮಾರ್ಕನು ಇದೇ ವಾಕ್ಯದಲ್ಲಿ ಬಳಸುವ ಇನ್ನೊಂದು ಶಬ್ದ ‘ಪ್ಲೇರೋಮ’, ತುಂಬಿಸುವಂಥದ್ದು. ದೇವರ ಸರ್ವಸಂಪೂರ್ಣತೆ ಕ್ರಿಸ್ತನಲ್ಲಿ ವಾಸವಾಗಿದೆಯೆಂದು ಹೇಳುವಾಗ ಕೊಲೊಸ್ಸೆಯ ಪತ್ರಿಕೆ (1:19) ಬಳಸುವುದೂ ಅದೇ ಶಬ್ದ. ಎರಡೂ ಕಡೆ ಅರ್ಥ ಒಂದೇ ಎಂದು ವಾದಿಸಲಾಗದು. ಆದರೆ ಬಟ್ಟೆಯ ಭಾಷೆಯಲ್ಲಿ ತೇಪೆಯೆಂದರೆ ಪೂರ್ಣಗೊಳಿಸುವುದು ಎಂಬ ಸಂಗತಿ ನಮ್ಮ ಕಣ್ಣಿಗೆ ಬೀಳದೆ ಹೋಗಬಾರದು.

ಲೂಕನು (5:36) ಇನ್ನೊಂದು ಮಾತನ್ನು ಸೇರಿಸುತ್ತಾನೆ: ತೇಪೆಗಾಗಿ ಹೊಸ ವಸ್ತ್ರವನ್ನು ಕತ್ತರಿಸಿದರೆ ಹೊಸದೂ ಕೆಡುತ್ತದೆ, ಹಳೆಯದಕ್ಕೆ ಹೊಂದುವುದೂ ಇಲ್ಲ. ಮೂವರಲ್ಲಿಯೂ ಕಾಣುವ ಕಾಳಜಿ ಒಂದೇ, ಎರಡೂ ಹರಿಯಬಾರದೆಂಬುದು. ದ್ರಾಕ್ಷಾರಸ ಮತ್ತು ಬುದ್ದಲಿಗಳ ಮುಂದಿನ ಹೋಲಿಕೆಯಲ್ಲಿ ಮತ್ತಾಯನು (9:17) ಎರಡೂ ಉಳಿಯುತ್ತವೆಂದು ಸ್ಪಷ್ಟವಾಗಿ ಮುಗಿಸುತ್ತಾನೆ. ಹರಕನ್ನು ಕಂಡು ಮರುಗಿದವನ, ಅದು ಇನ್ನೂ ಹಿಗ್ಗದಂತೆ ಯೋಚಿಸಿದವನ ಮಾತಿದು. ನಜರೇತಿನ ಬಡಗಿಯ ಮನೆಯಲ್ಲಿ ಯಾರೋ ಬಟ್ಟೆಗೆ ತೇಪೆ ಹಾಕುತ್ತಿದ್ದರೆಂದು ಊಹಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ.

ಈ ಬೆಳಕಿನಲ್ಲಿ ಗುಬ್ಬಿಯ ಚರಿತ್ರೆಯನ್ನು ಮತ್ತೆ ಓದಬಹುದು. ಇಲ್ಲಿ ಬಾಳಿಕೆ ಬಂದ ಹೊಸ ಬಟ್ಟೆ ಯಾವುದೆಂದರೆ ಇಲ್ಲಿನ ನೀರಿನಲ್ಲಿ ನೆನೆದದ್ದು. ಕನ್ನಡವನ್ನು ಕಲಿತು ಕನ್ನಡದಲ್ಲಿ ಬೋಧಿಸಿದ ವಾಕ್ಯ ಉಳಿಯಿತು, ಸೀರೆ ಉಟ್ಟೇ ಸಭೆಗೆ ಬಂದ ಹೆಂಗಸರ ಭಕ್ತಿ ಉಳಿಯಿತು. ನೆನೆಯದೆ ಹೊಲಿದ ತೇಪೆಗಳು ಸುತ್ತಲಿನ ಎಳೆಗಳನ್ನೂ ಎಳೆದುಕೊಂಡು ಕಿತ್ತುಬಂದವು: ನೆರೆಹೊರೆಯಿಂದ ಬೇರ್ಪಡಿಸಿದ ಪದ್ಧತಿಗಳು, ತಾಯಂದಿರ ತಿಳಿವಳಿಕೆಯನ್ನು ಕೀಳೆಂದು ಎಣಿಸಿದ ಶಿಕ್ಷಣ.

ಸತ್ಯವೇದದಲ್ಲಿ ಸೂಜಿಯ ಚರಿತ್ರೆ ಏದೆನಿನಲ್ಲಿಯೇ ಆರಂಭವಾಗುತ್ತದೆ. ಅಂಜೂರದ ಎಲೆಗಳನ್ನು ಹೊಲಿದುಕೊಂಡ ಮನುಷ್ಯರಿಗೆ ದೇವರು ತಾನೇ ಅಂಗಿಗಳನ್ನು ಮಾಡಿ ತೊಡಿಸುತ್ತಾನೆ (ಆದಿಕಾಂಡ 3:7, 21). ಹನ್ನಳು ವರ್ಷ ವರ್ಷವೂ ಸಮುವೇಲನಿಗೆ ಚಿಕ್ಕ ನಿಲುವಂಗಿಯನ್ನು ಮಾಡಿಕೊಂಡು ಶೀಲೋವಿಗೆ ಹೋಗುತ್ತಾಳೆ (1 ಸಮುವೇಲ 2:19). ದೂರದಲ್ಲಿ ಬೆಳೆಯುವ ಮಗನ ಅಳತೆಯನ್ನು ಊಹೆಯಿಂದ ಹಿಡಿದ ತಾಯಿಯ ಕೈ ಅದು. ಅರಣ್ಯದ ನಾಲ್ವತ್ತು ವರ್ಷಗಳಲ್ಲಿ ಇಸ್ರಾಯೇಲರ ಬಟ್ಟೆ ಸವೆಯಲಿಲ್ಲವೆಂಬ ಮಾತನ್ನು (ಧರ್ಮೋಪದೇಶಕಾಂಡ 8:4) ಓದಿದ ಎರಡನೆಯ ಶತಮಾನದ ಹುತಾತ್ಮ ಜಸ್ಟಿನನು, ಮಕ್ಕಳ ಬಟ್ಟೆಗಳು ಮಕ್ಕಳೊಂದಿಗೆ ಬೆಳೆದವೆಂದು ಬರೆದನು. ಯೆಹೂದ್ಯ ರಬ್ಬಿಗಳಲ್ಲಿಯೂ ಅದೇ ಪರಂಪರೆಯಿತ್ತು. ಲಂಗದ ಮಡಿಕೆಯನ್ನು ಬಿಚ್ಚುವ ತಾಯಿಗೆ ಈ ಅದ್ಭುತ ತೀರ ದೂರದ್ದೆನಿಸದು. ದೇವರು ಅರಣ್ಯದಲ್ಲಿ ಮಾಡಿದ್ದನ್ನು ಅವಳು ಬೆರಳಿನಿಂದ ಮಾಡುತ್ತಾಳೆ.

ತಬಿಥಾ ಎಂಬ ದೊರ್ಕಳ ವೃತ್ತಾಂತದಲ್ಲಿ (ಅಪೊಸ್ತಲರ ಕೃತ್ಯಗಳು 9:36–42) ಒಂದು ಸೂಕ್ಷ್ಮವಿದೆ. ವಿಧವೆಯರು ಅಳುತ್ತ ಪೇತ್ರನಿಗೆ ಬಟ್ಟೆಗಳನ್ನು ತೋರಿಸುವ ಕ್ರಿಯಾಪದದ ರೂಪದಿಂದ, ಅವರು ತಾವು ಉಟ್ಟಿದ್ದ ಬಟ್ಟೆಗಳನ್ನೇ ತೋರಿಸಿದರೆಂದು ಹಲವು ವ್ಯಾಖ್ಯಾನಕಾರರು ತಿಳಿಯುತ್ತಾರೆ. ಆಕೆಯ ಸೇವೆಗೆ ಬರವಣಿಗೆಯ ದಾಖಲೆ ಇರಲಿಲ್ಲ. ಅವರ ಮೈಯೇ ದಾಖಲೆ. ಇನ್ನೊಂದು ಸಂಗತಿಯೂ ಉಂಟು. ಆಕೆ ಅವರೊಂದಿಗೆ ಇದ್ದಾಗ ಮಾಡುತ್ತಿದ್ದಳೆಂದು ಲೂಕನು ಬರೆಯುತ್ತಾನೆ. ದೂರದಿಂದ ಕಳುಹಿಸಿದ ಗಂಟಲ್ಲ ಅದು, ಜೊತೆಯಲ್ಲಿದ್ದು ಅಳತೆ ತಿಳಿದು ಹೊಲಿದದ್ದು.

ಇಂದಿನ ಸಭೆಯ ಮುಂದಿರುವುದು

ಇಂದು ತುಮಕೂರು ಜಿಲ್ಲೆಯಿಂದ ಬೆಳಗಿನ ರೈಲು, ಬಸ್ಸುಗಳಲ್ಲಿ ಬೆಂಗಳೂರಿನ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗುವ ಹೆಂಗಸರಲ್ಲಿ ನಮ್ಮ ಸಭೆಗಳವರೂ ಇದ್ದಾರೆ. ದೂರದೇಶದವರ ಅಂಗಿಯ ಕಾಲರನ್ನೋ ತೋಳನ್ನೋ ದಿನಕ್ಕೆ ನೂರಾರು ಸಲ ಹೊಲಿಯುವ ಅವರಿಗೆ ಪೂರ್ತಿ ಅಂಗಿಯನ್ನು ಹೊಲಿಯುವ ಸಂದರ್ಭವೇ ಬರುವುದಿಲ್ಲ. ಮನೆಯ ಹರಕನ್ನು ಹೊಲಿಯಲು ಸಂಜೆಗೆ ಕಣ್ಣೂ ಉಳಿಯುವುದಿಲ್ಲ. ಹೊಸ ಬಟ್ಟೆ ಅಗ್ಗವಾಗಿದೆ. ಹಳೆಯದು ಸ್ಟೀಲ್ ಪಾತ್ರೆಯವಳ ಬುಟ್ಟಿಗೋ ಕ್ರಿಸ್ಮಸ್ ಸಮಯದಲ್ಲಿ ಸಭೆಯ ಬಟ್ಟೆ ಹಂಚಿಕೆಗೋ ಹೋಗುತ್ತದೆ.

ಸಭಾಪಾಲಕರು ಒಮ್ಮೆ ಆ ಗಂಟುಗಳನ್ನು ಬಿಚ್ಚಿ ನೋಡಬೇಕು. ಗುಂಡಿಯಿಲ್ಲದ ಅಂಗಿ, ಜಿಪ್ ಕಿತ್ತ ಪ್ಯಾಂಟು, ಬೆವರಿನ ಕಲೆಯ ರವಿಕೆ ಅವುಗಳಲ್ಲಿರುತ್ತವೆ. ಕೊಟ್ಟವರು ತಮ್ಮ ಮನೆಯನ್ನು ಹಗುರಮಾಡಿಕೊಂಡಿದ್ದಾರೆ. ಪಡೆದವಳು ತನ್ನ ಅಳತೆಗೆ ಹೊಂದದ್ದನ್ನು ಕೃತಜ್ಞತೆಯಿಂದ ಉಡಬೇಕಾಗಿದೆ. ಅಡವಿಟ್ಟ ಬಡವನ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕೆಂದ ದೇವರು (ವಿಮೋಚನಕಾಂಡ 22:26–27) ಬಟ್ಟೆಯ ಜೊತೆಗೆ ಅದನ್ನು ಹೊದೆಯುವ ಮೈಯನ್ನೂ ನೋಡುತ್ತಾನೆ. ಹಂಚುವ ಮುನ್ನ ಸಭೆಯವರು ಒಂದು ಶನಿವಾರ ಕೂಡಿ ಕುಳಿತು ಆ ಬಟ್ಟೆಗಳನ್ನು ಒಗೆದು, ಗುಂಡಿ ಹಚ್ಚಿ, ಕಾಜ ಸರಿಪಡಿಸಿ, ಉಡುವವರ ಅಳತೆಗೆ ಹಿಡಿದು ಹೊಲಿದರೆ ಅದು ದೊರ್ಕಳ ಸೇವೆಯಾದೀತು. ಈ ಕೆಲಸವನ್ನು ಹೆಂಗಸರ ಸಂಘಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಹಳೆಯ ಅನ್ಯಾಯವನ್ನೇ ಮುಂದುವರಿಸಿದಂತೆ. ಪೌಲನು ಡೇರೆ ಹೊಲಿಯುವವನಾಗಿದ್ದನೆಂದು (ಅಪೊಸ್ತಲರ ಕೃತ್ಯಗಳು 18:3) ಪರೀಕ್ಷೆಯಲ್ಲಿ ಬರೆಯುವ ಸೆಮಿನರಿ ವಿದ್ಯಾರ್ಥಿ ತನ್ನ ನಿಲುವಂಗಿಯ ಹರಕನ್ನು ತಾನೇ ಹೊಲಿಯಲು ಕಲಿತರೆ ಅವನ ದೇವಶಾಸ್ತ್ರಕ್ಕೆ ಕುಂದಾಗದು.

ನಮ್ಮ ಸಭೆಗಳ ಚರಿತ್ರೆಯನ್ನು ಮುಂದೆ ಬರೆಯುವವರು ಕಡತಗಳ ಜೊತೆಗೆ ಹಿರಿಯ ಹೆಂಗಸರ ಪೆಟ್ಟಿಗೆಗಳನ್ನೂ ತೆರೆಸಿ ನೋಡಲಿ. ಮೂರು ಮಕ್ಕಳು ತೊಟ್ಟ ಅಂಗಿ, ಅಜ್ಜಿಯ ಸೀರೆಯ ಹೊದಿಕೆ, ಮಡಿಕೆ ಬಿಚ್ಚಿದ ಗೆರೆ ಇನ್ನೂ ಕಾಣುವ ಲಂಗ ಅವುಗಳಲ್ಲಿ ಸಿಗಬಹುದು. ಆ ಗೆರೆಯನ್ನು ಓದಲು ಬಂದರೆ, ಕ್ಷಾಮದ ಕಾಲದಿಂದ ಇಂದಿನವರೆಗೆ ಈ ಸೀಮೆಯ ಸಭೆ ಹರಿದಾಗಲೆಲ್ಲ ಅದನ್ನು ಕೂಡಿಸಿದ ಕೈಗಳು ಯಾರವೆಂಬುದು ತಿಳಿಯುತ್ತದೆ.